ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊವನ್ನು ಹಂಚಿಕೊಳ್ಳುವ ಮುನ್ನ ವರದಿಗಾರರು ಮಾಡಬೇಕಾದದ್ದು

ಜಿಲ್ಲಾ ಸುದ್ದಿಗಳನ್ನು ತಿದ್ದುವ ಡೆಸ್ಕ್‌ನಲ್ಲಿ ಹಲವು ವರ್ಷ ಕುಳಿತ ನಾನು ಒಂದೇ ತಪ್ಪನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪತ್ರಿಕೆಗೆ ಬರೆಯುವಾಗ ಒಂದು ಹೆಸರಿನ ಕಾಗುಣಿತಕ್ಕಾಗಿ ಎರಡು ಸಲ ಠಾಣೆಗೆ ಫೋನ್ ಮಾಡುವ ವರದಿಗಾರರೇ, ಯಾವುದೋ ಗ್ರೂಪ್‌ನಲ್ಲಿ ಬಂದ ವಿಡಿಯೊವನ್ನು ವಿಚಾರಿಸದೆ ತಮ್ಮ ಫೇಸ್‌ಬುಕ್ ಖಾತೆಗೆ ಹಾಕಿಬಿಡುತ್ತಾರೆ. ಕೇಳಿದರೆ ಅದು ತಮ್ಮ ಸ್ವಂತ ಖಾತೆ ಎನ್ನುತ್ತಾರೆ. ಆದರೆ ಅವರು ಪತ್ರಕರ್ತರು ಎಂಬ ಕಾರಣಕ್ಕೇ ಊರಿನವರು ಆ ಖಾತೆಯನ್ನು ನಂಬುತ್ತಾರೆ. ಆದ್ದರಿಂದ ಪತ್ರಿಕೆಗೆ ಅನ್ವಯಿಸುವ ಪರಿಶೀಲನೆ ಆ ಖಾತೆಗೂ ಅನ್ವಯಿಸುತ್ತದೆ.

ಇದರ ಬೆಲೆ ಎಷ್ಟೆಂದು 2018ರಲ್ಲಿ ನಾವು ನೋಡಿದ್ದೇವೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಗೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರು ಗುಂಪಿನ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಆ ದಿನಗಳಲ್ಲಿ ಹರಿದಾಡಿದ, ಬೈಕ್ ಸವಾರರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಭಾರತದ್ದೇ ಆಗಿರಲಿಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದ ಚಿತ್ರಣವದು. ಪೂರ್ಣ ವಿಡಿಯೊದಲ್ಲಿ ಸವಾರರು ಮಗುವನ್ನು ಹಿಂದಿರುಗಿಸಿ ಸಂದೇಶದ ಫಲಕ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು.

1. ಹಂಚಬೇಡಿ, ಮೂಲ ಹುಡುಕಿ. ಬಹಳ ಮಂದಿ ಎಡವುವುದು ಇಲ್ಲಿಯೇ. ವಿಡಿಯೊದ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಕಳಿಸಿದವರಿಗೆ ಫೋನ್ ಮಾಡಿ, ‘ಇದನ್ನು ನೀವೇ ತೆಗೆದಿರಾ?’ ಎಂದು ನೇರವಾಗಿ ಕೇಳಿ. ‘ಇಲ್ಲ ಸರ್, ನಮ್ಮ ಗ್ರೂಪ್‌ನಲ್ಲಿ ಬಂತು’ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಹಾಗಾದರೆ ಆ ಗ್ರೂಪ್‌ಗೆ ಹಾಕಿದವರ ನಂಬರ್ ಪಡೆದು ಅವರಿಗೂ ಇದೇ ಪ್ರಶ್ನೆ ಕೇಳಿ. ‘ನಾನೇ ತೆಗೆದದ್ದು’ ಎನ್ನುವವರು ಸಿಗುವವರೆಗೆ ಹೀಗೆ ಹಿಂದಕ್ಕೆ ಹೋಗುತ್ತಲೇ ಇರಿ.

ಅಂಥವರು ಸಿಕ್ಕಾಗ ನಾಲ್ಕು ವಿಷಯ ಕೇಳುವುದು ನನ್ನ ಪದ್ಧತಿ. ಎಲ್ಲಿ ನಿಂತು ತೆಗೆದಿರಿ, ನಿಮ್ಮ ಬೆನ್ನ ಹಿಂದೆ ಏನಿತ್ತು? ವಿಡಿಯೊ ಶುರುವಾಗುವ ಮೊದಲು ಮತ್ತು ಮುಗಿದ ಮೇಲೆ ಏನಾಯಿತು? ಅದೇ ಜಾಗದ ಇನ್ನೊಂದು ಫೋಟೊ ಇದೆಯೆ? ನಿಜವಾಗಿ ಸ್ಥಳದಲ್ಲಿದ್ದವರ ಬಳಿ ಸಾಮಾನ್ಯವಾಗಿ ಎರಡನೆಯದೊಂದು ಇದ್ದೇ ಇರುತ್ತದೆ. ಕೊನೆಯದಾಗಿ, ಇದನ್ನು ಬಳಸಲು ಒಪ್ಪಿಗೆಯಿದೆಯೆ, ನಿಮ್ಮ ಹೆಸರು ಹಾಕಬಹುದೆ? ಗಲಭೆ ಅಥವಾ ಅಕ್ರಮ ಮರಳುಗಾರಿಕೆಯ ದೃಶ್ಯವಾದರೆ ಹೆಸರು ಹಾಕುವುದು ಅವರಿಗೇ ಅಪಾಯವಾದೀತು. ಅದನ್ನು ನೀವಾಗಿಯೇ ತಿಳಿಸಿಹೇಳಬೇಕು. ತುಂಬಿ ಹರಿಯುವ ಹೊಳೆಯ ಬಳಿ ಇರುವವರಿಗೆ ‘ಇನ್ನೊಂದು ಕ್ಲಿಪ್ ತೆಗೆದು ಕಳಿಸಿ’ ಎಂದು ಯಾವ ಕಾರಣಕ್ಕೂ ಹೇಳಬೇಡಿ.

ಮೂಲ ಕಡತವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಗ್ಯಾಲರಿಯಿಂದ ಮಾಮೂಲಿನಂತೆ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕ ಮತ್ತು ಸ್ಥಳದ ವಿವರಗಳೂ ಅಳಿಸಿಹೋಗುತ್ತವೆ. ‘ಕೃಪೆ: ವಾಟ್ಸ್‌ಆ್ಯಪ್’ ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಯಾರಿಗೂ ಸಲ್ಲುವ ಕೃಪೆಯಲ್ಲ, ಮೂಲ ಹುಡುಕಲಿಲ್ಲ ಎಂಬುದರ ಒಪ್ಪಿಗೆ ಮಾತ್ರ.

2. ದೃಶ್ಯವನ್ನೇ ಓದಿ. ವಿಡಿಯೊವನ್ನು ನಾಲ್ಕೈದು ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಒಂದೊಂದನ್ನೂ ಚಿತ್ರದಿಂದಲೇ ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಮೊದಲ ಚಿತ್ರವೊಂದನ್ನೇ ಹುಡುಕಿ ಕೈಬಿಡುವುದು ಸಾಮಾನ್ಯ ತಪ್ಪು. ಹಳೆಯ ವಿಡಿಯೊ ಸಿಕ್ಕರೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಸಿಗದಿದ್ದರೆ ಅದು ನಿಜವೆಂದು ಸಾಬೀತಾಗುವುದಿಲ್ಲ. ಆಮೇಲೆ ಅಂಗಡಿಯ ಬೋರ್ಡ್, ಬಸ್ಸಿನ ಬಣ್ಣ, ವಾಹನಗಳ ನೋಂದಣಿ ಸಂಖ್ಯೆ ನೋಡಿ. ಮಡಿಕೇರಿಯ ಪ್ರವಾಹವೆಂದು ಬಂದ ವಿಡಿಯೊದಲ್ಲಿ ಕೆಎ 12ರ ವಾಹನ ಒಂದೂ ಕಾಣದೆ, ಬೋರ್ಡ್‌ಗಳೆಲ್ಲ ಮಲಯಾಳದಲ್ಲಿದ್ದರೆ ಅದನ್ನು ಬದಿಗಿಡಿ. ಕಡೆಗೆ ಆ ಊರಿನ ಪಿಡಿಒಗೋ ಬಸ್ ನಿಲ್ದಾಣದ ಹೋಟೆಲಿನವರಿಗೋ ಒಂದು ಫೋನ್ ಮಾಡಿ. ಎಐ ಸೃಷ್ಟಿಯೋ ಅಲ್ಲವೋ ಎಂದು ಶೇಕಡಾವಾರು ಅಂಕ ಕೊಡುವ ಉಚಿತ ಆ್ಯಪ್‌ಗಳಿಗಿಂತ ಆ ಒಂದು ಫೋನ್ ಹೆಚ್ಚು ಹೇಳುತ್ತದೆ. ಅಂಥ ಆ್ಯಪ್‌ಗಳ ಅಂಕವನ್ನು ಸಾಕ್ಷಿಯಾಗಿ ಬಳಸಲೇಬೇಡಿ.

3. ಖಾತೆ ಯಾರದೆಂದು ನೋಡಿ. ಎಕ್ಸ್‌ನಲ್ಲಿ ನೀಲಿ ಗುರುತು ಈಗ ಹಣಕ್ಕೆ ಸಿಗುತ್ತದೆ. ಅದನ್ನು ನೋಡಿ ನಂಬಬೇಡಿ.

4. ಗುರುತು ಮರೆಮಾಡಿ. ಅತ್ಯಾಚಾರ ಸಂತ್ರಸ್ತರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧ. ಸಂತ್ರಸ್ತೆ ಮೃತಪಟ್ಟಿದ್ದರೂ ಹೆಸರು ಹಾಕುವಂತಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ವಿಷಯದಲ್ಲಿ ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ) ಕಾಯ್ದೆಯ 23ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದ್ದು, ಹೆಸರು ಮತ್ತು ಫೋಟೊ ಮಾತ್ರವಲ್ಲದೆ ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಪತ್ತೆಗೆ ದಾರಿಯಾಗುವ ಯಾವುದನ್ನೂ ಪ್ರಕಟಿಸದಂತೆ ತಡೆಯುತ್ತದೆ. ಇನ್ನೂರು ಮನೆಯ ಹಳ್ಳಿಯಲ್ಲಿ ಊರಿನ ಹೆಸರು ಮತ್ತು ತಂದೆಯ ಕಸುಬು ಬರೆದ ಮೇಲೆ ಮಗುವಿನ ಮುಖವನ್ನು ಮಸುಕುಗೊಳಿಸಿ ಪ್ರಯೋಜನವಿಲ್ಲ. ಹಿನ್ನೆಲೆಯಲ್ಲಿ ಕಾಣುವ ಮನೆಯ ಬಾಗಿಲು, ಶಾಲೆಯ ಸಮವಸ್ತ್ರ, ವಿಡಿಯೊದ ಧ್ವನಿ ಇವೆಲ್ಲವೂ ಗುರುತೇ. ಎಫ್‌ಐಆರ್‌ನ ಫೋಟೊದಲ್ಲಿ ಹೆಸರಿನ ಮೇಲೆ ಫೋನಿನ ಮಾರ್ಕರ್‌ನಿಂದ ಗೀಚುವ ಸುಲಭದ ದಾರಿಯನ್ನು ಬಿಟ್ಟುಬಿಡಿ. ಆ ಶಾಯಿ ಎಷ್ಟೋ ಫೋನುಗಳಲ್ಲಿ ಪಾರದರ್ಶಕವಾಗಿದ್ದು, ಚಿತ್ರದ ಬೆಳಕು ಹೆಚ್ಚಿಸಿದರೆ ಅಕ್ಷರ ಮತ್ತೆ ಕಾಣಿಸುತ್ತದೆ. ಎಫ್‌ಐಆರ್ ಪ್ರತಿಯನ್ನೇ ಹಾಕದೆ ಅದರ ಸಾರಾಂಶ ಬರೆಯುವುದು ಉತ್ತಮ.

ಅಪಘಾತದಲ್ಲಿ ಮೃತಪಟ್ಟವರ ಹೆಸರು ಮತ್ತು ಪ್ರೊಫೈಲ್ ಫೋಟೊವನ್ನು ಮನೆಯವರಿಗೆ ಸುದ್ದಿ ತಲುಪಿದೆಯೆಂದು ಪೊಲೀಸರಿಂದ ಖಚಿತಪಡಿಸಿಕೊಳ್ಳದೆ ಹಾಕಕೂಡದು. ತಾಯಿಯೊಬ್ಬರು ಮಗನ ಸಾವನ್ನು ಫೇಸ್‌ಬುಕ್‌ನಲ್ಲಿ ತಿಳಿಯುವಂತಾಗಬಾರದು.

5. ಹಾಕುವಾಗ ಸಮಯ, ಸ್ಥಳ, ಮೂಲ ಬರೆಯಿರಿ. ಇನ್ನೂ ಖಚಿತವಾಗದ್ದು ಯಾವುದೆಂಬುದನ್ನೂ ಅದೇ ಪೋಸ್ಟ್‌ನಲ್ಲಿ ಬರೆಯಿರಿ.

6. ತಪ್ಪಾದರೆ ಸದ್ದಿಲ್ಲದೆ ಅಳಿಸಬೇಡಿ. ನೀವು ಅಳಿಸುವ ಹೊತ್ತಿಗೆ ಸ್ಕ್ರೀನ್‌ಶಾಟ್‌ಗಳು ನಿಮ್ಮ ಹೆಸರಿನ ಸಮೇತ ಓಡಾಡುತ್ತಿರುತ್ತವೆ, ತಿದ್ದುಪಡಿ ಮಾತ್ರ ಎಲ್ಲಿಯೂ ಇರುವುದಿಲ್ಲ. ಯಾರಿಗಾದರೂ ಅಪಾಯ ತರುವ ಪೋಸ್ಟ್ ಆದರೆ ಕೂಡಲೇ ತೆಗೆದು, ಏನು ತಪ್ಪಾಗಿತ್ತು, ನಿಜ ಏನು ಎಂದು ಹೊಸ ಪೋಸ್ಟ್ ಬರೆದು ಖಾತೆಯ ಮೇಲ್ಭಾಗದಲ್ಲಿ ಪಿನ್ ಮಾಡಿ. ಉಳಿದವುಗಳಲ್ಲಿ ಮೂಲ ಪೋಸ್ಟ್‌ಗೆ ‘ತಿದ್ದುಪಡಿ’ ಎಂಬ ಪದದೊಂದಿಗೆ ಉತ್ತರ ಸೇರಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದಾದರೆ ತಪ್ಪು ವಿಡಿಯೊ ಹೋದ ಪ್ರತಿ ಗ್ರೂಪ್‌ಗೂ ತಿದ್ದುಪಡಿ ಹೋಗಬೇಕು. ಯಾವ ಯಾವ ಗ್ರೂಪ್‌ಗೆ ಏನು ಕಳಿಸಿದೆವೆಂಬ ಪಟ್ಟಿಯನ್ನು ವರದಿಗಾರರ ಡೈರಿಯ ಕೊನೆಯ ಪುಟಗಳಲ್ಲಿ ಅದಕ್ಕಾಗಿಯೇ ಬರೆದಿಟ್ಟುಕೊಳ್ಳಿ.