ಮನೆಬಾಗಿಲಿಗೆ ಬರುವ ಮಾರಾಟಗಾರರನ್ನು ಸಾಗಹಾಕುವ ಬಗೆ

ಮಾರಾಟಕ್ಕೆಂದು ಮನೆಬಾಗಿಲಿಗೆ ಬಂದವರಿಗೆ ಕಾರಣ ಹೇಳಲು ಹೋಗಬೇಡಿ. "ಈಗ ದುಡ್ಡಿಲ್ಲ" ಎಂದರೆ ಕಂತಿನ ಮಾತು ಬರುತ್ತದೆ, "ಮನೆಯವರನ್ನು ಕೇಳಬೇಕು" ಎಂದರೆ ಸಂಜೆ ಮತ್ತೆ ಬರುತ್ತೇವೆ ಎನ್ನುತ್ತಾರೆ, ಏಕೆಂದರೆ ಪ್ರತಿಯೊಂದು ನೆಪಕ್ಕೂ ಅವರಲ್ಲಿ ಉತ್ತರ ಸಿದ್ಧವಿರುತ್ತದೆ. ಬಾಗಿಲಿನ ಸರಪಳಿಯನ್ನು ತೆಗೆಯದೆಯೇ "ನಮಗೆ ಬೇಡ, ನಮಸ್ಕಾರ" ಎಂದು ಹೇಳಿ, ಅವರು ಮಾತು ಮುಂದುವರಿಸಿದರೆ ಅದನ್ನೇ ಇನ್ನೊಮ್ಮೆ ಹೇಳಿ ಬಾಗಿಲು ಹಾಕಿಕೊಳ್ಳುವುದು ಒರಟುತನವೇನಲ್ಲ. ಬಿಸಿಲಿನಲ್ಲಿ ಅಲೆಯುವ ಅವರ ಸಮಯವೂ ಉಳಿಯುತ್ತದೆ. ಮಾದರಿ ಪೊಟ್ಟಣವನ್ನು ಕೈಗೆತ್ತಿಕೊಂಡ ಮೇಲೆ ಹಿಂದಿರುಗಿಸಲು ಸಂಕೋಚವಾಗುವುದರಿಂದ ಅದನ್ನು ಮುಟ್ಟದಿರುವುದೇ ಲೇಸು. ನೀರಿನ ಪರೀಕ್ಷೆ, ಗ್ಯಾಸ್ ತಪಾಸಣೆ ಎಂದು ಹೇಳಿಕೊಂಡು ಒಳಬರಲು ಯತ್ನಿಸುವವರ ಗುರುತಿನ ಚೀಟಿಯನ್ನು ನೋಡಿದರಷ್ಟೇ ಸಾಲದು. ಅವರು ಕೊಡುವ ಸಂಖ್ಯೆಗಲ್ಲ, ನಿಮ್ಮ ಬಿಲ್ಲಿನ ಮೇಲೆ ಮುದ್ರಿತವಾಗಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವವರೆಗೆ ಅವರನ್ನು ಹೊರಗೇ ನಿಲ್ಲಿಸಿರಿ.