ಟ್ರಿನಿಡಾಡ್‌ಗೆ ಹೋದರೆ ಎಲ್ಲಿ, ಯಾವಾಗ, ಏನು ತಿನ್ನಬೇಕು?

ಕೆರಿಬಿಯನ್ ದ್ವೀಪ ಅಂದ ಕೂಡಲೇ ನೀಲಿ ಸಮುದ್ರ, ತೆಂಗಿನ ಮರ, ರೆಸಾರ್ಟ್ ಪ್ಯಾಕೇಜ್ ನೆನಪಾಗುತ್ತವೆ. ಸಸ್ಯಾಹಾರಿಗಳಿಗೆ ಜತೆಗೇ ಇನ್ನೊಂದು ಚಿಂತೆ: ಅಲ್ಲಿ ಹೊಟ್ಟೆಗೇನು ಗತಿ? ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಬೇಕಾ?

ಟ್ರಿನಿಡಾಡ್‌ಗೆ ಹೋಗುವುದಾದರೆ ಬೇಡ. 1845ರ ಮೇ 30ರಂದು ಫತೆಲ್ ರಝಾಕ್ ಎಂಬ ಹಡಗು ಕಲ್ಕತ್ತಾದಿಂದ ಮೊದಲ ಕೂಲಿಯಾಳುಗಳನ್ನು ಅಲ್ಲಿ ಇಳಿಸಿತು. 1917ರವರೆಗೆ ಹೀಗೆ ಕಬ್ಬಿನ ತೋಟಗಳಿಗೆ ಬಂದವರು 1.4 ಲಕ್ಷಕ್ಕೂ ಜಾಸ್ತಿ. ಬಹುಪಾಲು ಭೋಜ್‌ಪುರಿ ಸೀಮೆಯವರು, ಕೆಲವರು ಮದ್ರಾಸಿನಿಂದ ಹಡಗು ಹತ್ತಿದವರು. ಅವರ ಅಡುಗೆ ಈಗ ಇಡೀ ದ್ವೀಪದ್ದು. ಆಫ್ರಿಕನ್ ಮೂಲದವರೂ ಬೆಳಗ್ಗೆ ಅದೇ ಕಡಲೆಕಾಳಿನ ಗಾಡಿ ಮುಂದೆ ನಿಂತಿರುತ್ತಾರೆ.

ಆದರೆ ಇಲ್ಲಿ ಪ್ರತಿ ತಿಂಡಿಗೂ ಅದರದೇ ಹೊತ್ತು, ಅದರದೇ ಜಾಗ. ಹೊತ್ತು ಮೀರಿದರೆ ಪಾತ್ರೆ ಖಾಲಿ. ಹಾಗಾಗಿ ಮೊದಲ ಕೆಲಸ: ರೂಮ್ ಬುಕ್ ಮಾಡುವಾಗ ಬ್ರೇಕ್‌ಫಾಸ್ಟ್ ಸೇರಿಸಬೇಡಿ. ಟೋಸ್ಟು, ಜಾಮು ತಿನ್ನಲು ಅಷ್ಟು ದೂರ ಹೋಗಬೇಕಾ?

ಬೆಳಗ್ಗೆ ಡಬಲ್ಸ್

ಅರಿಶಿನ ಹಾಕಿ ಕಲಸಿದ ಮೈದಾಹಿಟ್ಟಿನ ಎರಡು ಮೆತ್ತನೆಯ ಪುಟ್ಟ ರೊಟ್ಟಿ, ನಡುವೆ ನೀರುನೀರಾದ ಕಾಬೂಲ್ ಕಡಲೆ ಪಲ್ಯ. ಇದೇ ಡಬಲ್ಸ್. ಕರಿದ ಆ ರೊಟ್ಟಿಗೆ ಅಲ್ಲಿ 'ಬಾರಾ' ಅನ್ನುತ್ತಾರೆ. 1930ರ ದಶಕದಲ್ಲಿ ದಕ್ಷಿಣದ ಪ್ರಿನ್ಸಸ್ ಟೌನ್ ಕಡೆ ದೀನ್ ಕುಟುಂಬ ಇದನ್ನು ಶುರು ಮಾಡಿತು ಎಂದು ಹೇಳುತ್ತಾರೆ. ಮೊದಲೆಲ್ಲ ಸೈಕಲ್ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಮಾರುತ್ತಿದ್ದರು.

ಮಾರುವವರ ಕೈ ನೋಡಿ. ಅಂಗೈ ಮೇಲೆ ಒಂದು ಚೌಕ ಕಾಗದ. ಅದರ ಮೇಲೆ ಎರಡು ಬಾರಾ, ಒಂದರ ಅಂಚಿನ ಮೇಲೆ ಇನ್ನೊಂದು. ಒಂದು ಚಮಚ ಕಡಲೆ. ಮೇಲೆ ಹುಣಸೆ ಚಟ್ನಿ, ಸೌತೆಕಾಯಿ ಚಟ್ನಿ, ಮಾವಿನಕಾಯಿ ತುರಿಯ ಕುಚೇಲಾ, ಕೊನೆಗೆ ಮೆಣಸಿನಕಾಯಿ ಸಾಸ್. ಕಾಗದದ ತುದಿಗಳನ್ನು ಹಿಡಿದು ಗಿರ್ರನೆ ತಿರುಗಿಸಿದರೆ ಪೊಟ್ಟಣ ರೆಡಿ. ಇಷ್ಟಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ನಿಂತುಕೊಂಡೇ ತಿನ್ನಬೇಕು. ಪೂರ್ತಿ ಕಚ್ಚಲು ಹೋದರೆ ಅಂಗಿ ಕೆಟ್ಟಿತು ಅಂತಲೇ ಲೆಕ್ಕ. ಪೊಟ್ಟಣ ಬಿಚ್ಚಿ, ಬಾರಾ ಹರಿದು, ಅದರಲ್ಲೇ ಕಡಲೆ ಬಳಿದು ತಿನ್ನಿ.

ನಿಮ್ಮ ಸರದಿ ಬಂದಾಗ ಹೇಳಬೇಕಾದ ಮಾತು 'ಟು ವಿತ್ ಸ್ಲೈಟ್'. ಎರಡು ಡಬಲ್ಸ್, ಖಾರ ಸ್ವಲ್ಪವೇ ಸ್ವಲ್ಪ ಅಂತ. ನಾವು ಖಾರ ತಿನ್ನುವವರು ಅನ್ನುವ ಜಂಬ ಮೊದಲ ದಿನ ಬೇಡ. ಇದೇ ದ್ವೀಪದ ಮೊರುಗಾ ಸ್ಕಾರ್ಪಿಯನ್ ಮೆಣಸಿನಕಾಯಿಯನ್ನು 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಆಗ ಗೊತ್ತಿದ್ದ ಮೆಣಸಿನಕಾಯಿಗಳಲ್ಲೇ ಅತಿ ಖಾರ ಎಂದು ಅಳೆದಿದ್ದರು. ಗಾಡಿಯಲ್ಲಿರುವುದು ಅದೇ ಆಗಿರಬೇಕಿಲ್ಲ. ಆದರೂ ಅಲ್ಲಿನ ಮೆಣಸಿನಕಾಯಿ ಬ್ಯಾಡಗಿಯ ಹಾಗೆ ಬಣ್ಣಕ್ಕಾಗಿ ಬೆಳೆದದ್ದಲ್ಲ.

ಎಲ್ಲಿ? ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಪೂರ್ವಕ್ಕಿರುವ ಕ್ಯುರೆಪ್ ಜಂಕ್ಷನ್ ಡಬಲ್ಸ್‌ಗೆ ಹೆಸರಾದ ಜಾಗ. ಕೆಂಪು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ, ಅಂದರೆ ಅಲ್ಲಿನ ಮಿನಿಬಸ್, ಅತ್ತ ಹೋಗುತ್ತದೆ. ಯಾವ ಗಾಡಿ ಒಳ್ಳೆಯದು ಅಂತ ಯೋಚಿಸಬೇಡಿ. ಆಫೀಸಿಗೆ ಹೊರಟ ಊರಿನವರು ಎಲ್ಲಿ ಮುತ್ತಿಕೊಂಡಿದ್ದಾರೋ ಅಲ್ಲಿ ನಿಲ್ಲಿ.

ಮಧ್ಯಾಹ್ನ ರೋಟಿ

ಊಟದ ಹೊತ್ತಿಗೆ ರೋಟಿ ಅಂಗಡಿ. ಇಲ್ಲಿ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಯಾವ ರೋಟಿ? ಬೇಳೆ ಪುಡಿ ತುಂಬಿ ಲಟ್ಟಿಸಿದ 'ದಾಲ್‌ಪುರಿ' ಆದರೆ ಪಲ್ಯ ಒಳಗಿಟ್ಟು ಮಡಚಿ ಕೊಡುತ್ತಾರೆ, ಕೈಯಲ್ಲಿ ಹಿಡಿದು ನಡೆಯಬಹುದು. 'ಬಸ್‌-ಅಪ್‌-ಷಟ್' ಆದರೆ ಪದರು ಪದರಾದ ಪರಾಠ. ಕಾದ ಹಂಚಿನ ಮೇಲೇ ಎರಡು ಮರದ ಸೌಟು ಹಿಡಿದು ಬಡಿದು ಬಡಿದು ಚಿಂದಿ ಮಾಡುತ್ತಾರೆ. ಇದಕ್ಕೆ ಪಲ್ಯ ಪಕ್ಕದಲ್ಲಿ, ಕೂತು ತಿನ್ನಬೇಕು. ನನ್ನ ಕೇಳಿದರೆ ಎರಡನೆಯದೇ.

ಎರಡನೇ ಪ್ರಶ್ನೆ, ಜತೆಗೆ ಏನು? ಕಡಲೆ-ಆಲೂ, ಕುಂಬಳಕಾಯಿ, ಅಲಸಂದೆ ಕಾಯಿ, ಮಾವಿನಕಾಯಿ ಕರಿ ಇವೆಲ್ಲ ಸಸ್ಯಾಹಾರಿಗಳಿಗೆ ಇದ್ದೇ ಇವೆ. ಮಾಂಸ ತಿನ್ನುವವರು ಮೇಕೆ, ಬಾತುಕೋಳಿ ಬಿಡಬೇಡಿ. ಆದರೆ ಮಡಚಿದ ರೋಟಿಯೊಳಗೆ ಮೂಳೆ ಸಮೇತವೇ ಇರುತ್ತದೆ, ಹುಷಾರಾಗಿ ಕಚ್ಚಿ. ಭಾನುವಾರ ಬಹಳ ರೋಟಿ ಅಂಗಡಿಗಳು ಮುಚ್ಚಿರುತ್ತವೆ.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ದಕ್ಷಿಣದ ಡೆಬೆಗೆ ಹೋಗಿ. ಹಸಿರು ಪಟ್ಟಿಯ ಮ್ಯಾಕ್ಸಿಯಲ್ಲಿ ಸ್ಯಾನ್ ಫರ್ನಾಂಡೋ, ಅಲ್ಲಿಂದ ಟ್ಯಾಕ್ಸಿ. ರಸ್ತೆ ಬದಿಯಲ್ಲಿ ಸಾಲಾಗಿ ಕರಿದ ತಿಂಡಿ ಅಂಗಡಿಗಳು: ಫುಲೌರಿ, ಕಚೋರಿ, ಬದನೆಕಾಯಿಯ ಬೈಗನಿ, ಆಲೂ ಪೈ. ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಸಹೀನಾ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಕೊಯ್ದು ಕರಿಯುತ್ತಾರೆ. ಕರಾವಳಿ, ಮಲೆನಾಡಿನವರಿಗೆ ಇದು ನಮ್ಮ ಪತ್ರೊಡೆಯ ದಾಯಾದಿ ಅಂತ ಒಂದೇ ತುತ್ತಿಗೆ ಗೊತ್ತಾಗುತ್ತದೆ. ಹುಣಸೆಯ ಹುಳಿ ಇಲ್ಲಿ ಎಲೆಯೊಳಗಲ್ಲ, ಹೊರಗಿನ ಚಟ್ನಿಯಲ್ಲಿ, ಅಷ್ಟೇ.

ಸಸ್ಯಾಹಾರಿಗಳು ಎಲ್ಲಿ ಎಡವಬಹುದು?

ಸೊಪ್ಪಿನ ಹೆಸರು ಕೇಳಿ ಮೋಸ ಹೋಗಬೇಡಿ. ಕ್ಯಾಲಲೂ ಅನ್ನುವ ಹಸಿರು ಸಾರು ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲಿನದು. ಆದರೆ ಅದರಲ್ಲಿ ಏಡಿಯೋ, ಉಪ್ಪು ಹಾಕಿದ ಹಂದಿ ಬಾಲವೋ ಇರಬಹುದು. ಮೆಕ್ಕೆಜೋಳದ ಸೂಪ್‌ಗೂ ಇದೇ ಮಾತು. ಮ್ಯಾಕರೋನಿ ಪೈಗೆ ಸಾಮಾನ್ಯವಾಗಿ ಮೊಟ್ಟೆ ಹಾಕುತ್ತಾರೆ. ಸುಮ್ನೆ 'ವೆಜ್' ಅಂದರೆ ಸಾಲದು, 'ನೋ ಮೀಟ್, ನೋ ಫಿಶ್, ನೋ ಪಿಗ್‌ಟೇಲ್' ಅಂತ ಬಿಡಿಸಿ ಹೇಳಿ. 'ಇಟಲ್' ಎಂಬ ಬೋರ್ಡ್ ಕಂಡರೆ ನುಗ್ಗಿ. ಅದು ರಸ್ತಾಫಾರಿ ಎಂಬ ಪಂಥದವರ ಅಡುಗೆ, ಮಾಂಸ ಇರುವುದಿಲ್ಲ. ಉಪ್ಪೂ ಕಮ್ಮಿ ಇರಬಹುದು.

ದೀಪಾವಳಿಯ ಹಿಂದಿನ ದಿನಗಳಲ್ಲಿ ಹೋದರಂತೂ ಅದೃಷ್ಟ. ಚಾಗ್ವಾನಸ್‌ನಲ್ಲಿ 'ದಿವಾಲಿ ನಗರ್' ಮೇಳ ನಡೆಯುತ್ತದೆ, ಅಲ್ಲಿ ಮಾಂಸದ ಸುಳಿವೇ ಇಲ್ಲ.

ಸಂಜೆ ಮತ್ತು ವಾರಾಂತ್ಯ

ರಾಜಧಾನಿಯ ಕ್ವೀನ್ಸ್ ಪಾರ್ಕ್ ಸವಾನಾ ಮೈದಾನದ ಸುತ್ತ ಸಂಜೆಯಾದರೆ ಎಳನೀರು, ಮೆಕ್ಕೆಜೋಳ, ತರಹೇವಾರಿ ತಿಂಡಿ. ಟೇಬಲ್ ಹಾಕಿದ ರೆಸ್ಟೋರೆಂಟ್ ಬೇಕಿದ್ದರೆ ವುಡ್‌ಬ್ರೂಕ್‌ನ ಅರಿಯಪಿಟಾ ಅವೆನ್ಯೂ. ಕ್ವೀನ್ಸ್ ಪಾರ್ಕ್ ಓವಲ್ ಅಲ್ಲಿಂದ ಹತ್ತಿರವೇ. 1976ರಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದ ಟೆಸ್ಟ್ ನಡೆದದ್ದು ಇಲ್ಲೇ. ನಮ್ಮ ಜಿ.ಆರ್. ವಿಶ್ವನಾಥ್ ಹೊಡೆದದ್ದು 112. ಊಟಕ್ಕೆ ಮುಂಚೆ ಗೇಟಿನ ತನಕವಾದರೂ ಹೋಗಿ ಬನ್ನಿ. ಕತ್ತಲಾದ ಮೇಲೆ ಮಾತ್ರ ನಡೆದು ಓಡಾಡಬೇಡಿ, ಹೋಟೆಲಿನವರಿಂದಲೇ ಟ್ಯಾಕ್ಸಿ ಕರೆಸಿ.

ಭಾನುವಾರ ಮರಾಕಸ್ ಬೀಚ್. ಕರಿದ ಬ್ರೆಡ್ಡಿನೊಳಗೆ ಶಾರ್ಕ್ ಮೀನು ಇಟ್ಟ 'ಬೇಕ್ ಅಂಡ್ ಶಾರ್ಕ್' ಇಲ್ಲಿನ ಹೆಸರುವಾಸಿ ತಿಂಡಿ. ಮೇಲಿನ ಚಟ್ನಿ, ಸಾಸುಗಳನ್ನು ನೀವೇ ಹಾಕಿಕೊಳ್ಳಬೇಕು. ಕೊತ್ತಂಬರಿಯ ಹಾಗೆ ಘಮ್ಮೆನ್ನುವ ಶಾಡೋ ಬೆನಿ ಸಾಸ್ ಧಾರಾಳವಾಗಿ ಸುರಿದುಕೊಳ್ಳಿ. ಶಾರ್ಕ್ ಸಂತತಿ ಕಮ್ಮಿಯಾಗುತ್ತಿದೆ ಅನ್ನುವ ಬೇಸರ ಇದ್ದರೆ ಬೇರೆ ಮೀನೂ ಸಿಗುತ್ತದೆ.

ದುಡ್ಡಿನ ಲೆಕ್ಕ ಸುಲಭ. ಒಂದು ಅಮೆರಿಕನ್ ಡಾಲರ್‌ಗೆ ಸುಮಾರು 6.7 ಟ್ರಿನಿಡಾಡ್ ಡಾಲರ್. ಗಾಡಿಗಳಿಗೆ ಚಿಲ್ಲರೆ ನೋಟು ಇಟ್ಟುಕೊಳ್ಳಿ. ರೆಸ್ಟೋರೆಂಟಿನಲ್ಲಿ ಮೆನು ಬೆಲೆಯ ಮೇಲೆ 12.5% ವ್ಯಾಟ್, ಹಲವು ಕಡೆ 10% ಸರ್ವೀಸ್ ಚಾರ್ಜ್ ಬೀಳುತ್ತದೆ. ಸರ್ವೀಸ್ ಚಾರ್ಜ್ ಸೇರಿಸಿದ್ದರೆ ಮತ್ತೆ ಟಿಪ್ಸ್ ಕೊಡಲೇಬೇಕೆಂದೇನಿಲ್ಲ.

ಎರಡು ದಿನ ಜಾಸ್ತಿ ಇದ್ದರೆ ಪಕ್ಕದ ಟೊಬೆಗೊ. ವಿಮಾನದಲ್ಲಿ ಅರ್ಧ ಗಂಟೆಯೂ ಆಗದು, ಹಡಗೂ ಇದೆ. ಸ್ಟೋರ್ ಬೇ ಕಡಲತೀರದಲ್ಲಿ ಹೆಂಗಸರೇ ನಡೆಸುವ ಸಣ್ಣ ಊಟದಂಗಡಿಗಳಿವೆ. ಏಡಿ ಕರಿ, ಹಿಟ್ಟಿನ ಡಂಪ್ಲಿಂಗ್ ಅಲ್ಲಿನ ವಿಶೇಷ. ಏಡಿಯನ್ನು ಚಿಪ್ಪಿನ ಸಮೇತ ಕೊಡುತ್ತಾರೆ, ಕೈಯಲ್ಲೇ ಮುರಿದು ಹೀರಬೇಕು. ಹಾಗಾಗಿ ಹೊಸ ಬಟ್ಟೆ ಹಾಕಿಕೊಂಡು ಹೋಗಬೇಡಿ. ಸಸ್ಯಾಹಾರಿಗಳಿಗೆ ಟ್ರಿನಿಡಾಡ್‌ನಷ್ಟು ಆಯ್ಕೆ ಅಲ್ಲಿಲ್ಲ. ಹೊರಡುವ ಬೆಳಗ್ಗೆ ನಾಲ್ಕು ಡಬಲ್ಸ್ ಕಟ್ಟಿಸಿಕೊಳ್ಳಿ, ಮೆಣಸಿನಕಾಯಿ ಸಾಸ್ ಬೇರೆ ಪೊಟ್ಟಣದಲ್ಲಿ ಕೇಳಿ.