ಬೀದರದ ಕೆಂಪು ಮೊರಂ, ನನ್ನ ಮೊದಲ ಎಂಟಿಬಿ

ನನ್ನ ಮೊದಲ ದಪ್ಪ ಟೈರಿನ ಸೈಕಲ್ಲನ್ನು ಹೋದ ವರ್ಷ ಮಾಳಿಗೆಯಿಂದ ಇಳಿಸಿ, ನಾನೇ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಹರ್ಕ್ಯುಲಿಸ್ ಎಂಟಿಬಿ, ಅಂದರೆ ಮೌಂಟನ್ ಬೈಕ್, ಗುಡ್ಡದ ಸೈಕಲ್. ತೊಂಬತ್ತರ ದಶಕದ್ದು. ಗೇರ್ ಇಲ್ಲ, ಶಾಕಪ್ ಇಲ್ಲ. ನೇರ ಹ್ಯಾಂಡಲ್, ಗಟ್ಟಿ ಉಕ್ಕಿನ ಫ್ರೇಮ್, ಉಬ್ಬು ಗುಬ್ಬಿ ಇರುವ ಟೈರು, ಅಷ್ಟೇ. ಈ ಖರ್ಚಿಗೆ ಹೊಸದೇ ಬರುತ್ತಿತ್ತಲ್ಲ ಎಂದು ಮನೆಯಲ್ಲೂ ಹೇಳಿದರು, ಓಣಿಯಲ್ಲೂ ಹೇಳಿದರು. ನನಗೆ ಹೊಸದು ಬೇಕಿರಲಿಲ್ಲ. ಬೀದರದ ನೆಲಕ್ಕೆ ಹೊಂದುವ ಸೈಕಲ್ ಯಾವುದು ಅಂತ ನನಗೆ ಮೊದಲು ತೋರಿಸಿಕೊಟ್ಟದ್ದು ಇದು.

ನಮ್ಮ ಊರು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲಿದೆ, ಸಮುದ್ರ ಮಟ್ಟದಿಂದ 2,000 ಅಡಿಗೂ ಮೇಲೆ. ಊರಿನ ಅಂಚಿಗೆ ಬಂದರೆ ನೆಲ ಒಮ್ಮೆಲೇ ಕೆಳಗಿಳಿಯುತ್ತದೆ. ಪಕ್ಕದ ಅಷ್ಟೂರಿನ ಕಡೆ ಹೊರಟರೆ ಚೌಖಂಡಿ ಎಂಬ ಸಮಾಧಿ ಕಟ್ಟಡ ದಾಟಿ ಬಹಮನಿ ಸುಲ್ತಾನರ ಗೋರಿಗಳ ಕಡೆಗೆ ಇಳಿಜಾರು. ಮೇಲೆ ಕೆಂಪು ಮೊರಂ, ಅಂದರೆ ಹರಳು ತುಂಬಿದ ಗಟ್ಟಿ ಮಣ್ಣು, ಕೆಳಗೆ ಕರಿ ಮಣ್ಣು. ಮೊರಂ ಮೇಲೆ ಸಣ್ಣ ಸಣ್ಣ ಉರುಟು ಹರಳು ಇರುತ್ತವೆ. ತೆಳು ಟೈರು ಅದರ ಮೇಲೆ ಹೋದರೆ ಜಾರುತ್ತದೆ. ಕರಿ ಮಣ್ಣು ಮಳೆಗಾಲದಲ್ಲಿ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನಲ್ಲಿ ತುಂಬಿ ಸೈಕಲ್ಲನ್ನೇ ನಿಲ್ಲಿಸುತ್ತದೆ.

ನಾನು ಕಲಿತದ್ದು ಬಾಡಿಗೆ ಸೈಕಲ್ ಮೇಲೆ. ಊರ ನಡುವಿನ ಚೌಬಾರಾ ಗೋಪುರದ ಹತ್ತಿರದ ಒಂದು ಅಂಗಡಿಯಲ್ಲಿ ಸಣ್ಣ ಸೈಕಲ್ ತಾಸಿನ ಲೆಕ್ಕದಲ್ಲಿ ಕೊಡುತ್ತಿದ್ದರು. ಅಂಗಡಿಯವರನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಆಮೇಲೆ ಅಪ್ಪನ ಅಟ್ಲಾಸ್. ಕರಿ ಬಣ್ಣ, 28 ಇಂಚಿನ ಚಕ್ರ, ಹಿಂದೆ ದೊಡ್ಡ ಕ್ಯಾರಿಯರ್. ಕಾಲು ಎಟುಕದ ಕಾರಣ ಒಳಪೆಡಲ್ ಹೊಡೆಯುತ್ತಿದ್ದೆ. ಡಂಡಿಯ ಕೆಳಗಿಂದ ಬಲಗಾಲು ತೂರಿಸಿ, ಎಡಗೈಯಲ್ಲಿ ಹ್ಯಾಂಡಲ್, ಬಲಗೈಯಲ್ಲಿ ಸೀಟು ಅಪ್ಪಿಕೊಂಡು ಅರ್ಧ ಸುತ್ತು ತುಳಿಯೋದು. ನಮ್ಮ ಓಣಿಯ ಹುಡುಗರೆಲ್ಲ ಹಾಗೇ ಕಲಿತವರು.

ಕರಿ ಸೈಕಲ್ ಬಗ್ಗೆ ನನಗೆ ಈಗಲೂ ಬಹಳ ಗೌರವ ಇದೆ. ಅದರ ಲೆಕ್ಕಾಚಾರ ಪಕ್ಕಾ. ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಎಲ್ಲ ಹಿಂದೆ ಬೀಳುತ್ತದೆ ಅಲ್ವಾ, ಅದಕ್ಕೆ ಅಲ್ಲಿ ಕಡ್ಡಿ ಜಾಸ್ತಿ. ಎರಡು ಮೂಟೆ ಹೇರಿದರೂ ರಿಮ್ ಬಾಗುತ್ತಿರಲಿಲ್ಲ. ಆದರೆ ಅದು ಸಮ ರಸ್ತೆಯ ಸೈಕಲ್. ಬ್ರೇಕು ವೈರಿನದಲ್ಲ, ಸಲಾಕೆಯದು. ಸಲಾಕೆ ಎಳೆದಾಗ ರಬ್ಬರ್ ತುಂಡು ರಿಮ್ಮಿನ ಒಳಬದಿಗೆ ಒತ್ತುತ್ತದೆ. ಅಷ್ಟೂರಿನ ಇಳಿಜಾರಿನಲ್ಲಿ ಮಳೆ ಬಿದ್ದ ಮೇಲೆ ಇಳಿದರೆ ಆ ಬ್ರೇಕು ಹಿಡಿಯುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಿತ್ತು. ಚಪ್ಪಲಿ ನೆಲಕ್ಕೆ ಉಜ್ಜಿಯೇ ನಿಲ್ಲಿಸುತ್ತಿದ್ದೆವು. ಆದರೂ ಪ್ರತಿ ರಜೆಯಲ್ಲೂ ಅಲ್ಲಿಗೇ ಹೋಗುತ್ತಿದ್ದೆವು.

ದೊಡ್ಡವನಾದ ಮೇಲೆ ಓದಿದಾಗ ತಿಳಿಯಿತು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೌಂಟನ್ ಬೈಕ್ ಹುಟ್ಟಿದ್ದೂ ಇಂಥದೇ ಆಟದಿಂದ. ಮೌಂಟ್ ಟ್ಯಾಮಲ್ಪೈಸ್ ಸುತ್ತಿನ ಗುಡ್ಡಗಳಲ್ಲಿ ಹುಡುಗರು ಮೂವತ್ತು, ನಲವತ್ತರ ದಶಕದ ಶ್ವಿನ್ ಸೈಕಲ್ ಹಿಡಿದು ಮಣ್ಣಿನ ಹಾದಿಯಲ್ಲಿ ಇಳಿಯುತ್ತಿದ್ದರು. ಅವುಗಳ ಟೈರು ದಪ್ಪ, ಬ್ರೇಕು ಹಿಂದಿನ ಚಕ್ರದ ನಡುವಿನ ಹಬ್ ಒಳಗೆ. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುತ್ತಿತ್ತು. ಉದ್ದದ ಇಳಿಜಾರಿನಲ್ಲಿ ಹಬ್ ಕಾದು ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಹೊಸ ಗ್ರೀಸ್ ತುಂಬಲೇಬೇಕು. ಹಾಗೆ ಮತ್ತೆ ತುಂಬುವುದರಿಂದಲೇ 1976ರಲ್ಲಿ ಶುರುವಾದ ಅವರ ರೇಸಿಗೆ ರೀಪ್ಯಾಕ್ ಎಂಬ ಹೆಸರು ಬಂತು. 1977ರಲ್ಲಿ ಅವರಲ್ಲೊಬ್ಬನಾದ ಜೋ ಬ್ರೀಝ್ ಈ ಆಟಕ್ಕಾಗಿಯೇ ಹೊಸ ಫ್ರೇಮ್ ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮ್ ಇಟ್ಟುಕೊಂಡು ಮಾರಾಟಕ್ಕೆ ಇಳಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದ ಮೇಲೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಹಾಗಾಯಿತು. ಇದನ್ನು ಓದುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅವರೂ ಹಳೆ ಸೈಕಲ್ ಹಿಡಿದೇ ಗುಡ್ಡ ಇಳಿದವರು.

ಬೀದರದಲ್ಲಿ ನಾನು ಮೊದಲು ಎಂಟಿಬಿ ನೋಡಿದ್ದು ಏರ್‌ಫೋರ್ಸ್ ಕ್ವಾರ್ಟರ್ಸ್‌ನ ಒಬ್ಬ ಹುಡುಗನ ಹತ್ತಿರ. ಅವನು ರಸ್ತೆ ಬಿಟ್ಟು ಮೊರಂ ಮೇಲೆ ಇಳಿದ, ವೇಗ ಕಮ್ಮಿ ಮಾಡಲಿಲ್ಲ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದೆವು. ಮನೆಗೆ ಬಂದು ಹಟ ಹಿಡಿದೆ. ಆ ವರ್ಷ ಉದ್ದು ಚೆನ್ನಾಗಿ ಬಂದಿತ್ತು. ಉದ್ದು ಮಾರಿದ ದುಡ್ಡು ಕೈಗೆ ಬಂದ ಮೇಲೆ ದೀಪಾವಳಿಗೆ ಅಪ್ಪ ಸೈಕಲ್ ಕೊಡಿಸಿದರು. ಕ್ಯಾರಿಯರ್ ಇಲ್ಲದ್ದು ನೋಡಿ ಅವ್ವನಿಗೆ ಸಮಾಧಾನವಾಗಲಿಲ್ಲ. "ಇದರ ಮ್ಯಾಲ ಏನ್ ತರತೀ?" ಎಂದು ಕೇಳಿದಳು.

ಆ ಸೈಕಲ್ಲಿನ ನಿಜವಾದ ಗುಟ್ಟು ಹೇಳಿಕೊಟ್ಟವರು ಉಸ್ತಾದ್. ನಾನು ಕರಿ ಸೈಕಲ್ ಹಾಗೆ ಕಲ್ಲಿನಂತೆ ಗಟ್ಟಿ ಹವಾ ಹಾಕಿಸುತ್ತಿದ್ದೆ. ಅವರು ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿ, "ಹವಾ ಕಮ್ಮಿ ಮಾಡು, ತಾನೇ ಹಿಡಿತದ ನೋಡು" ಎಂದರು. ಹಿಡಿಯಿತು. ದಪ್ಪ ಟೈರಿನೊಳಗೆ ಹವಾ ಸ್ವಲ್ಪ ಕಮ್ಮಿ ಇದ್ದರೆ ಅದು ಹರಳಿನ ಮೇಲೆ ಹರಡಿಕೊಂಡು ಕೂರುತ್ತದೆ. ಗೇರು, ಶಾಕಪ್ಪು ಎಲ್ಲ ಆಮೇಲಿನ ಮಾತು. ಗುಡ್ಡದ ಸೈಕಲ್ಲಿಗೆ ಟೈರಿನ ದಪ್ಪ ಮತ್ತು ಅದರೊಳಗಿನ ಹವಾ ಮೊದಲು. ಇವತ್ತು 21 ಗೇರಿನ ಸೈಕಲ್ ತಂದು ಹವಾ ನೋಡದೆ ಓಡಿಸುವವರನ್ನು ಕಂಡಾಗ ನಿಲ್ಲಿಸಿ ಹೇಳಬೇಕು ಅನಿಸುತ್ತದೆ, ಎಷ್ಟೋ ಸಲ ಹೇಳಿದ್ದೇನೆ ಕೂಡ.

ಈಗ ರಿಪೇರಿಯ ಮಾತು. ತುಕ್ಕು ಹಿಡಿದ ನಟ್ಟುಗಳಿಗೆಲ್ಲ ಮೊದಲು ಸೀಮೆಎಣ್ಣೆ ಮತ್ತು ಇಂಜಿನ್ ಆಯಿಲ್ ಕಲಸಿ ಹಚ್ಚಿ ರಾತ್ರಿಯೆಲ್ಲ ಬಿಟ್ಟೆ. ಇದೊಂದು ತಾಳ್ಮೆ ಇದ್ದರೆ ಅರ್ಧ ಕೆಲಸ ಸಲೀಸು. ಬಿಚ್ಚುವಾಗ ಎರಡು ಕಡೆ ಉಲ್ಟಾ ತಿರುವು ಇರುತ್ತದೆ, ನೆನಪಿಡಿ. ಎಡ ಪೆಡಲ್ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಚೈನ್ ಚಕ್ರ ಇರುವ ಬಲಗಡೆಯ ಬೇರಿಂಗ್ ಕಪ್ ಕೂಡ ಉಲ್ಟಾನೇ. ಆ ಕಪ್ ಚೆನ್ನಾಗಿದ್ದರೆ ಅದನ್ನು ಮುಟ್ಟಲೇಬೇಡಿ, ಅಲ್ಲೇ ಒರೆಸಿ ಗ್ರೀಸ್ ಹಚ್ಚಿದರೆ ಸಾಕು. ಕ್ರ್ಯಾಂಕನ್ನು, ಅಂದರೆ ಪೆಡಲ್ ತೋಳನ್ನು, ಅಚ್ಚಿಗೆ ಹಿಡಿಸುವ ಕಾಟರ್ ಪಿನ್ ಹೊಡೆಯುವಾಗ ಕೆಳಗೆ ಒಂದು ಕಬ್ಬಿಣದ ಪೈಪ್ ಆನಿಸಿ ಇಟ್ಟುಕೊಂಡೆ. ಇಲ್ಲದಿದ್ದರೆ ಏಟು ಬೇರಿಂಗಿಗೆ ಬೀಳುತ್ತದೆ.

ಬೇರಿಂಗಿನ ಗುಂಡುಗಳನ್ನೆಲ್ಲ ಹೊಸದು ಹಾಕಿದೆ. ಕ್ರ್ಯಾಂಕಿನ ಅಚ್ಚಿಗೆ ಮತ್ತು ಹಿಂದಿನ ಹಬ್ಬಿಗೆ ಕಾಲು ಇಂಚಿನವು, ಮುಂದಿನ ಹಬ್ಬಿಗೆ 3/16 ಇಂಚಿನವು. ಕ್ರ್ಯಾಂಕಿನ ಅಚ್ಚಿನಲ್ಲಿ ಒಂದೊಂದು ಬದಿಗೆ 11. ನಾಲ್ಕು ಗುಂಡು ಸವೆದಿದ್ದರೆ ನಾಲ್ಕೇ ಬದಲಿಸಬಾರದು. ಹಳೆಯವು ಒಂದು ಕೂದಲಷ್ಟು ಸಣ್ಣವಾಗಿರುತ್ತವೆ, ಭಾರವೆಲ್ಲ ಹೊಸದರ ಮೇಲೇ ಬಿದ್ದು ಕಪ್ ತಿನ್ನುತ್ತದೆ. ಗುಂಡಿನ ಬೆಲೆ ತೀರಾ ಕಮ್ಮಿ, ಕಪ್ ಹುಡುಕುವುದು ಕಷ್ಟ. ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡುವಾಗ ಚಕ್ರ ಅಲುಗಬಾರದು, ಆದರೆ ವಾಲ್ವಿನ ಭಾರಕ್ಕೆ ತಾನಾಗಿ ತಿರುಗಿ ವಾಲ್ವ್ ಕೆಳಗೆ ಬಂದು ನಿಲ್ಲಬೇಕು. ಆಗ ಸರಿಯಾಗಿದೆ ಅಂತ ಲೆಕ್ಕ.

ರಿಮ್ಮಿನ ಬೆಂಡ್ ತೆಗೆಯುವುದು ನನಗೆ ಬಹಳ ಇಷ್ಟದ ಕೆಲಸ. ಸೈಕಲ್ ಉಲ್ಟಾ ನಿಲ್ಲಿಸಿ, ಬ್ರೇಕಿನ ರಬ್ಬರನ್ನೇ ಗುರುತಾಗಿ ಇಟ್ಟುಕೊಂಡು ಚಕ್ರ ತಿರುಗಿಸಿದೆ. ರಿಮ್ ಎಡಕ್ಕೆ ತಾಗುವ ಜಾಗದಲ್ಲಿ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ. ಒಂದು ಸಲಕ್ಕೆ ಕಡ್ಡಿಯ ತುದಿಯ ನಿಪ್ಪಲ್ ಅರ್ಧ ಸುತ್ತಿಗಿಂತ ಜಾಸ್ತಿ ಇಲ್ಲ. ಕಡ್ಡಿಗಳನ್ನು ಬೆರಳಿನಿಂದ ಮೀಟಿದರೆ ಒಂದೇ ಬದಿಯವು ಸುಮಾರು ಒಂದೇ ಸ್ವರ ಕೊಡಬೇಕು. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು.

ಟೈರು ಕೊಳ್ಳುವಾಗ ಹುಷಾರಾಗಿರಬೇಕು. 26 ಇಂಚು ಎಂದು ಬರೆದದ್ದೆಲ್ಲ ಒಂದೇ ಅಲ್ಲ. ಎಂಟಿಬಿಯ 26×2.125 ಟೈರಿನ ಬದಿಯಲ್ಲಿ 559 ಎಂಬ ಸಂಖ್ಯೆ ಇರುತ್ತದೆ. 26×1 3/8 ಟೈರಿನದು 590. ಮಿಲಿಮೀಟರಿನಲ್ಲಿ ಅದು ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ. ಒಂದರ ರಿಮ್ಮಿಗೆ ಇನ್ನೊಂದು ಕೂರುವುದೇ ಇಲ್ಲ. ಟ್ಯೂಬು ಸ್ಕೂಟರ್ ಥರದ ವಾಲ್ವ್ ಇರುವುದನ್ನು ಹಾಕಿದೆ. ಹಳೆಯ ರಬ್ಬರ್ ನಳಿಕೆಯ ವಾಲ್ವಿನಲ್ಲಿ ಹವಾ ಎಷ್ಟಿದೆ ಎಂದು ಮೀಟರಿನಲ್ಲಿ ನೋಡಲು ಆಗುವುದಿಲ್ಲ. ಈಗ ಮೊರಂ ಮೇಲೆ ಹೋಗುವಾಗ ಹವಾ ಒತ್ತಡ 30ರಿಂದ 35 ಪಿಎಸ್ಐ ಇಡುತ್ತೇನೆ. ಜಾಲಿ ಮುಳ್ಳಿಗೆ ಮಾತ್ರ ಯಾವ ಟೈರೂ ಉತ್ತರವಲ್ಲ. ಪಂಕ್ಚರ್ ಸಾಮಾನು ಜೊತೆಗೇ ಇರಲಿ.

ಒಂದೇ ಒಂದು ಬದಲಾವಣೆ ನನ್ನ ಇಷ್ಟಕ್ಕೆ ಮಾಡಿದೆ. ಮುಂದಿನ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಇತ್ತು. ಹಿಂದಿನದನ್ನು ತೆಗೆದು, ಸೈಕಲ್ ರಿಕ್ಷಾಕ್ಕೆ ಹಾಕುವ 22 ಹಲ್ಲಿನ ಫ್ರೀವೀಲ್ ಹಾಕಿದೆ. ಈಗ ಪೆಡಲ್ ಒಂದು ಸುತ್ತಿಗೆ ಚಕ್ರ ಸರಿಯಾಗಿ ಎರಡು ಸುತ್ತು. ಸಮ ರಸ್ತೆಯಲ್ಲಿ ವೇಗ ಕಮ್ಮಿ, ನಿಜ. ಆದರೆ ಅಷ್ಟೂರಿನಿಂದ ಮೇಲೆ ಬರುವಾಗ ಇಳಿದು ತಳ್ಳಬೇಕಿಲ್ಲ. ಚೈನು ಸ್ವಲ್ಪ ಉದ್ದ ಬೇಕಾಯಿತು, ಹೊಸದನ್ನೇ ಹಾಕಿದೆ. ಬ್ರೇಕಿಗೆ ವೈರು, ರಬ್ಬರು ಹೊಸದು. ಬಣ್ಣ ಹೊಡೆಸಲಿಲ್ಲ. ತುಕ್ಕು ಉಜ್ಜಿ, ಎಣ್ಣೆ ಒರೆಸಿ, ಹಳೆ ಸ್ಟಿಕ್ಕರ್ ಇದ್ದ ಹಾಗೇ ಬಿಟ್ಟೆ. ಹೊಸ ಬಣ್ಣ ಹೊಡೆದ ಹಳೆ ಸೈಕಲ್ ನೋಡಲು ನನಗೆ ಮನಸ್ಸೇ ಬರುವುದಿಲ್ಲ.

ಮುಂದಿನ ಸರದಿ ಅಪ್ಪನ ಅಟ್ಲಾಸಿನದು. 28×1½ ಟೈರು, ಸಲಾಕೆ ಬ್ರೇಕಿನ ರಬ್ಬರು ಈಗಲೂ ಸಿಗುತ್ತವೆ. ಹಾಲಿನವರು, ಸಾಮಾನು ಹೇರುವವರು ಇನ್ನೂ ಕರಿ ಸೈಕಲ್ ಬಿಟ್ಟಿಲ್ಲ. ಸಿಗದೇ ಇರುವುದು ಆ ಕಾಲದ ದಪ್ಪ ಚರ್ಮದ ಸೀಟು. ಬೀದರದಲ್ಲಿ ಕೇಳಿಯಾಯಿತು, ಕಲಬುರಗಿಯಲ್ಲೂ ಕೇಳಿದೆ. ಹೈದರಾಬಾದಿಗೆ ಹೋದಾಗ ಹಳೆ ಸಾಮಾನಿನ ಅಂಗಡಿಗಳಲ್ಲಿ ಒಂದು ಸುತ್ತು ಹಾಕಬೇಕು.